ತಗಡಿನ ಮೋಹ

ಮಿಷಿಗನ್‌ನಲ್ಲಿರುವ ಮಗನ ಮನೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದಾಗ, ಗ್ಯಾರೇಜಿನಲ್ಲಿ ಒಂದು ಪುಟ್ಟ ಗಾಡಿ ಸಿದ್ಧವಾಗುತ್ತಿತ್ತು. ಕಾರಿನ ಹಿಂದೆ ಕಟ್ಟಿ ಎಳೆದೊಯ್ದು, ಕಾಡಿನ ಅಂಚಿನಲ್ಲಿ ನಿಲ್ಲಿಸಿ, ಇಬ್ಬರು ಮಲಗಬಹುದಾದ ಪೆಟ್ಟಿಗೆ. ಆಕಾರ ಕಣ್ಣೀರ ಹನಿಯಂತಿರುವುದರಿಂದ 'ಟಿಯರ್‌ಡ್ರಾಪ್' ಎಂದು ಹೆಸರು. 1930ರ ದಶಕದಿಂದಲೂ ಅಮೆರಿಕನ್ನರು ಇದನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಾ ಬಂದಿದ್ದಾರೆ. ಪ್ಲೈವುಡ್ ಗೋಡೆ ನಿಲ್ಲಿಸುವವರೆಗೆ ನಮ್ಮಲ್ಲಿ ಜಗಳವಿರಲಿಲ್ಲ. ಹೊರಮೈಗೆ ಏನು ಹೊದಿಸಬೇಕೆಂಬಲ್ಲಿ ಮನಸ್ತಾಪವಾಯಿತು.

ಅವನಿಗೆ ಅಲ್ಯುಮಿನಿಯಂ ತಗಡೇ ಬೇಕು. "ಏರ್‌ಸ್ಟ್ರೀಮ್ ನೋಡಿಲ್ಲವೇ ಅಪ್ಪ?" ಎಂದ. ನೋಡಿದ್ದೇನೆ. 1936ರ ಕ್ಲಿಪ್ಪರ್‌ನಿಂದ ಮೊದಲ್ಗೊಂಡು ಆ ಗಾಡಿಗಳನ್ನು ವಿಮಾನದಂತೆ ರಿವೆಟ್ ಹೊಡೆದು ಕಟ್ಟುತ್ತಾರೆ. ಅಲ್ಲಿ ತಗಡು ಲೋಹದ ಪಕ್ಕೆಲುಬುಗಳೊಡನೆ ಸೇರಿ ತಾನೂ ಭಾರ ಹೊರುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಭಾರ ಹೊರುವುದು ಪ್ಲೈವುಡ್. ತಗಡು ಬರಿಯ ಒಡವೆ.

ರೈಲುಹಳಿಗಳ ನಡುವೆ ಸಂದು ಏಕೆ ಬಿಡುತ್ತಾರೆಂದು ವರ್ಷಗಟ್ಟಲೆ ಮಕ್ಕಳಿಗೆ ಬೋಧಿಸಿದವನು ನಾನು. 3 ಮೀಟರ್ ಉದ್ದದ ಅಲ್ಯುಮಿನಿಯಂ ತಗಡು 50 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಮಿಷಿಗನ್ನಿನ ಚಳಿಗಾಲದ ರಾತ್ರಿಗೂ ಬೇಸಿಗೆಯ ಬಿಸಿಲಿಗೆ ಕಾದ ತಗಡಿಗೂ ಅಂತರ ಅದಕ್ಕಿಂತ ಹೆಚ್ಚು. ಪ್ಲೈವುಡ್ ಶಾಖಕ್ಕೆ ಅಷ್ಟು ಕದಲುವುದಿಲ್ಲ. ಅದು ಜಗ್ಗುವುದು ತೇವಕ್ಕೆ. ಭಿನ್ನ ಸ್ವಭಾವದ ಇವೆರಡನ್ನೂ ಇಡೀ ಮೈಗೆ ಅಂಟು ಬಳಿದು ಬಂಧಿಸಿದರೆ ಒಂದೋ ತಗಡು ಉಬ್ಬುತ್ತದೆ, ಇಲ್ಲವೇ ಅಂಟು ಬಿಡುತ್ತದೆ. ಅಂಟಿಲ್ಲದೆ ಅಂಚಿನ ಪಟ್ಟಿಯಡಿ ಸಡಿಲವಾಗಿ ಹಿಡಿಸಬಹುದು, ನಿಜ. ಆಗ ತಿರುಪಿನ ರಂಧ್ರಗಳು ದೊಡ್ಡವಾಗಿರಬೇಕು, ಪ್ರತಿ ರಂಧ್ರವೂ ನೀರಿಗೆ ಬಾಗಿಲು. ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಅಲ್ಲಿ ಸೇರಿತೆಂದರೆ, ಉಕ್ಕಿನ ತಿರುಪಿನ ಸುತ್ತ ಅಲ್ಯುಮಿನಿಯಂ ಬಿಳಿಯ ಪುಡಿಯಾಗಿ ಸವೆಯುತ್ತದೆ.

ನಾನು ಸೂಚಿಸಿದ್ದು ಹತ್ತಿಯ ಕ್ಯಾನ್ವಾಸ್. ನೀರು ತಡೆಯುವ ಮರದ ಅಂಟಿನಿಂದ ಅದನ್ನು ಪ್ಲೈವುಡ್ಡಿಗೆ ಕೂಡಿಸಿ, ಮೇಲೆ ಹೊರಗೋಡೆಯ ಬಣ್ಣವನ್ನು ಹಲವು ಕೋಟು ಬಳಿಯುವುದು. ಅಲ್ಲಿಯ ಹವ್ಯಾಸಿಗಳು ಇದನ್ನು 'ಬಡವರ ಫೈಬರ್‌ಗ್ಲಾಸ್' ಎಂದು ನಗುತ್ತಾರೆ. ಮಗನೂ ನಕ್ಕ. ಎಪಾಕ್ಸಿ ಹಾಕಿದ ನಿಜವಾದ ಫೈಬರ್‌ಗ್ಲಾಸ್ ಇದಕ್ಕಿಂತ ಗಟ್ಟಿಯೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಖರ್ಚು, ಉಜ್ಜುವ ಶ್ರಮ, ಧೂಳು ಬೇರೆ.

ತಗಡಿನ ಪಕ್ಷದವರು ಸದಾ ಎತ್ತುವ ಮಾತು, "ಬಣ್ಣವಾದರೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು" ಎಂಬುದು. ಬಳಿಯಬೇಕು. ಬಳಿಯುವವನು ಗೋಡೆಯ ಮೇಲೆ ಅಂಗುಲ ಅಂಗುಲವೂ ಕೈಯಾಡಿಸುತ್ತಾನೆ. ಬಣ್ಣ ಬಿರುಕುಬಿಟ್ಟ ಕಡೆ ಮರಕ್ಕೆ ನೀರು ಇಳಿಯುತ್ತಿದೆಯೆಂದು ಕಣ್ಣಿಗೇ ತಿಳಿಯುತ್ತದೆ. ತಗಡು ರೋಗವನ್ನು ಗುಣಪಡಿಸುವುದಿಲ್ಲ, ಮುಚ್ಚಿಡುತ್ತದೆ. ಒಳಗೆ ಹೊಕ್ಕ ತೇವ ಹೊರಬರಲೂ ಬಿಡುವುದಿಲ್ಲ.

ಕೊನೆಗೆ ಗಾಡಿ ಅವನದು, ಮಾತೂ ಅವನದೇ ನಡೆಯಿತು. ಅಂಟು ಬಳಿಯಲು ನಾನೂ ಕೈಜೋಡಿಸಿದೆ. ಮೂರನೆಯ ವರ್ಷ ಒಳಗೆ ಮುಗ್ಗಲು ವಾಸನೆ ಬರತೊಡಗಿತು. ಮೊಮ್ಮಗಳು ಅಲ್ಲಿ ಮಲಗಲಾರೆನೆಂದಳು. ಹೊರಗಿನ ತಗಡು ಮಾತ್ರ ಥಳಥಳ. ಬಿಚ್ಚಿ ನೋಡಿದರೆ ಕೆಳಗಿನ ಒಂದು ಗೇಣು ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕಿನಂತೆ ಕೈಗೆ ಬಂತು. ತಪ್ಪೆಲ್ಲವೂ ತಗಡಿನದಲ್ಲ. ಕೊಯ್ದ ಅಂಚುಗಳೇ ನೀರನ್ನು ಹೆಚ್ಚು ಕುಡಿಯುತ್ತವೆ. ಅವುಗಳಿಗೆ ಮೊದಲೇ ಎಪಾಕ್ಸಿ ಕುಡಿಸಬೇಕಿತ್ತು. ಅದನ್ನು ಮರೆತವರಲ್ಲಿ ನಾನೂ ಒಬ್ಬ. ಬಣ್ಣದ ಗೋಡೆಯಾಗಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು.

ಈಗ ಹೊಸ ಗೋಡೆ ಎದ್ದಿದೆ, ಅಂಚುಗಳಿಗೆ ಎಪಾಕ್ಸಿ ಕುಡಿಸಿಯಾಗಿದೆ, ಕ್ಯಾನ್ವಾಸ್ ಬಂದಿದೆ. ಬಣ್ಣ ಯಾವುದೆಂದು ಕಳೆದ ವಾರ ಫೋನಿನಲ್ಲಿ ಕೇಳಿದ. ಬಿಳಿ ಎಂದೆ, ಕರಿಯ ಗೆರೆ ಮೂಡಿದರೆ ದೂರದಿಂದಲೇ ಕಾಣಬೇಕು.