ಹುಸಿವಿಜ್ಞಾನ ಎಂದು ಸಹಿ ಹಾಕಿದರೆ ಸಾಕೆ?

ಪ್ರಜ್ಞೆಗೆ ಮಿದುಳಿನ ಯಾವ ಚಟುವಟಿಕೆ ಕಾರಣ ಎಂಬುದು 25 ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಫ್ ಕೋಖ್ 1998ರಲ್ಲಿ ಬಾಜಿ ಕಟ್ಟಿದ್ದರು. ಎದುರಾಳಿ ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್. 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕೋಖ್ ಸೋಲೊಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು. ಈ ಸುದ್ದಿ ಜಗತ್ತೆಲ್ಲ ಸುತ್ತಿತು. ಆದರೆ ಸೆಪ್ಟೆಂಬರ್‌ನಲ್ಲಿ ಬಂದ ಬಹಿರಂಗ ಪತ್ರವೊಂದು ಅದಕ್ಕಿಂತ ಮುಖ್ಯ. ನರವಿಜ್ಞಾನಿ ಜೂಲಿಯೊ ಟೊನೊನಿ ಅವರ ‘ಇಂಟಿಗ್ರೇಟೆಡ್ ಇನ್ಫರ್ಮೇಷನ್ ಥಿಯರಿ’ ಹುಸಿವಿಜ್ಞಾನ ಎಂದು 124 ವಿದ್ವಾಂಸರು ಅದಕ್ಕೆ ಸಹಿ ಹಾಕಿದ್ದರು.

ಮಾಹಿತಿ ಬಿಡಿಸಲಾಗದಂತೆ ಹೆಣೆದುಕೊಂಡಿರುವಲ್ಲಿ ಪ್ರಜ್ಞೆಯಿದೆ ಎನ್ನುವುದು ಟೊನೊನಿ ವಾದ. ಅದರ ನೆಲೆ ಮಿದುಳಿನ ಹಿಂಭಾಗ. ಮಾಹಿತಿ ಮಿದುಳಿನಾದ್ಯಂತ ಪ್ರಸಾರವಾದಾಗ ಅರಿವು ಮೂಡುತ್ತದೆ, ಅದರಲ್ಲಿ ಮುಂಭಾಗದ ಪಾತ್ರ ದೊಡ್ಡದು ಎನ್ನುವುದು ಸ್ಟಾನಿಸ್ಲಾಸ್ ಡೆಹೇನ್ ಮುಂತಾದವರ ‘ಗ್ಲೋಬಲ್ ವರ್ಕ್‌ಸ್ಪೇಸ್’ ಸಿದ್ಧಾಂತ. ಇವೆರಡನ್ನೂ ಮುಖಾಮುಖಿ ಪರೀಕ್ಷಿಸಲು ಒಂದು ಪ್ರಯೋಗ ನಡೆಯಿತು. ಯಾವ ಫಲಿತಾಂಶ ಬಂದರೆ ತಮಗೆ ಪೆಟ್ಟು ಎಂಬುದನ್ನು ಎರಡೂ ಬಣ ಮೊದಲೇ ಬರೆದುಕೊಟ್ಟವು. ಪ್ರಯೋಗ ನಡೆಸಿದವರು ಯಾವ ಬಣಕ್ಕೂ ಸೇರದವರು. 256 ಮಂದಿಯ ಮೇಲಿನ ಈ ಅಧ್ಯಯನ 2025ರ ಏಪ್ರಿಲ್‌ನಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ಹಿಂಭಾಗದಲ್ಲಿ ನಿರೀಕ್ಷಿಸಿದ್ದ ನಿರಂತರ ತಾಳಮೇಳ ಕಾಣಲಿಲ್ಲ. ಅವರಿಗೆ ತೋರಿಸಿದ ಚಿತ್ರ ಮರೆಯಾದ ಕ್ಷಣದಲ್ಲಿ ಮುಂಭಾಗ ಮತ್ತೆ ಉದ್ದೀಪನಗೊಳ್ಳಬೇಕಿತ್ತು. ಅದೂ ಬಹುಮಟ್ಟಿಗೆ ಆಗಲಿಲ್ಲ.

ಹಾಗಾದರೆ ಎರಡನ್ನೂ ಕೈಬಿಡಬೇಕೆ? ವಿಜ್ಞಾನದ ಇತಿಹಾಸ ಅಷ್ಟು ಸರಳವಾಗಿಲ್ಲ. ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದಂತೆ ಚಲಿಸದಿದ್ದಾಗ ಫ್ರಾನ್ಸಿನ ಖಗೋಳಜ್ಞ ಲೆವೆರ್ಯೆ ನ್ಯೂಟನ್ನನನ್ನು ಬಿಡಲಿಲ್ಲ, ಕಾಣದ ಗ್ರಹವೊಂದನ್ನು ಊಹಿಸಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆ ಲೆಕ್ಕ ತಪ್ಪಿದಾಗಲೂ ಅದೇ ಉಪಾಯ ಹೂಡಿ ‘ವಲ್ಕನ್’ ಎಂಬ ಗ್ರಹವನ್ನು ಊಹಿಸಿದ. ಅದು ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಬರುವ ತನಕ ತಪ್ಪು ನ್ಯೂಟನ್ನನ ನಿಯಮದಲ್ಲೇ ಇದೆಯೆಂದು ಖಚಿತವಾಗಲಿಲ್ಲ. ಮೊಂಡುತನ ಒಮ್ಮೆ ಗೆದ್ದಿತು, ಒಮ್ಮೆ ಸೋತಿತು. ಹಾಗಾಗಿಯೇ ವಿಜ್ಞಾನದ ತತ್ವಶಾಸ್ತ್ರಜ್ಞ ಇಮ್ರೆ ಲಕಾಟೋಸ್ ಒಂದು ಸೋಲನ್ನು ನೋಡಿ ತೀರ್ಪು ಕೊಡಬೇಡಿ ಎಂದರು: ತಿದ್ದುಪಡಿಗಳು ಹೊಸ ನಿರೀಕ್ಷೆಗಳನ್ನು ಹುಟ್ಟಿಸುತ್ತಿವೆಯೇ, ಬರೀ ತೇಪೆಯೇ ಎಂದು ನೋಡಿ.

ಪತ್ರ ಬರೆದವರ ತಕರಾರಿನಲ್ಲಿ ಹುರುಳಿದೆ. ಈ ಪ್ರಯೋಗ ಮುಟ್ಟಿದ್ದು ಟೊನೊನಿ ಸಿದ್ಧಾಂತದ ಅಂಚನ್ನು, ತಿರುಳನ್ನಲ್ಲ. ಸುಮ್ಮನೆ ಬಿದ್ದಿರುವ ಲಾಜಿಕ್ ಗೇಟುಗಳ ಜಾಲಕ್ಕೂ, ಜೋಡಣೆ ಸರಿಯಿದ್ದರೆ, ಪ್ರಜ್ಞೆ ಇರಬಹುದು ಎನ್ನುತ್ತದೆ ಆ ತಿರುಳು. ಅದನ್ನು ಪರೀಕ್ಷಿಸುವ ಬಗೆ ಯಾರಿಗೂ ಹೊಳೆದಿಲ್ಲ. ಇನ್ನೊಂದೆಡೆ, ಇದೇ ಚಿಂತನೆಯಿಂದ ಹುಟ್ಟಿ 2013ರಲ್ಲಿ ಪ್ರಕಟವಾದ ಒಂದು ಮಾಪನವಿದೆ: ಮಿದುಳಿಗೆ ಕಾಂತೀಯ ಮಿಡಿತ ಕೊಟ್ಟು, ಇಇಜಿಯಲ್ಲಿ ಏಳುವ ಅಲೆಗಳ ಸಂಕೀರ್ಣತೆಯನ್ನು ಅಳೆಯುವುದು. ಮಾತಾಡಲಾಗದ ರೋಗಿಗೆ ಅರಿವಿದೆಯೇ ಎಂದು ತಿಳಿಯಲು ಅದು ನೆರವಾಗುತ್ತದೆ. ಮಾಪನ ಸರಿಯಿದ್ದ ಮಾತ್ರಕ್ಕೆ ಸಿದ್ಧಾಂತ ಸರಿಯೆಂದಲ್ಲ. ಆದರೆ ಜ್ಯೋತಿಷ್ಯದಿಂದ ಇಂಥದ್ದು ಹುಟ್ಟಿದ್ದನ್ನು ನಾನು ಕೇಳಿಲ್ಲ.

ಹುಸಿವಿಜ್ಞಾನ ಎಂಬ ಪದ ಬೈಗುಳವಾಗಿ ಉಳಿದಿದೆಯೇ ಹೊರತು ವಿಶ್ಲೇಷಣೆಗೆ ಬಾರದು ಎಂದು ತತ್ವಶಾಸ್ತ್ರಜ್ಞ ಲ್ಯಾರಿ ಲಾಡನ್ 1983ರಲ್ಲೇ ವಾದಿಸಿದ್ದರು. ನಾನು ಅಷ್ಟು ದೂರ ಹೋಗಲಾರೆ. ಲಸಿಕೆ ವಿರೋಧಿಗಳ ಕಾಲದಲ್ಲಿ ಆ ಪದ ಬೇಕು. ಬೇಕಾಗಿರುವುದರಿಂದಲೇ ಅದನ್ನು ಸಹೋದ್ಯೋಗಿಗಳ ಜಗಳದಲ್ಲಿ ಸವೆಸಬಾರದು. ಸಹಿ ಸಂಗ್ರಹದ ಬದಲು ಈ ವಿದ್ವಾಂಸರು ಟೊನೊನಿ ಅವರನ್ನು ಕೇಳಬೇಕಿದ್ದುದು ಒಂದೇ: ಯಾವ ಫಲಿತಾಂಶ ಬಂದರೆ ನಿಮ್ಮ ತಿರುಳನ್ನೇ ಬಿಟ್ಟುಕೊಡುತ್ತೀರಿ? ಡೆಹೇನ್ ಬಣಕ್ಕೂ ಅದೇ ಪ್ರಶ್ನೆ ಅನ್ವಯಿಸುತ್ತದೆ.