ಖೀಮಾ ಯಾವುದರದ್ದು ಎಂದು ಕಾರ್ಡಿನಲ್ಲೇ ಬರೆಯೋಣ



ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಮಾತ್ರ ಕೇಟರರ್ ಬೇಕು ಎನ್ನುವ ಕಾಲ ಹೋಯಿತು. ಪುಣೆಯಲ್ಲಿ ಈಗ ಎಂಟು ಹತ್ತು ಜನರ ಮನೆ ಊಟಕ್ಕೂ ಫೋನ್ ಬರುತ್ತದೆ. ಭಾನುವಾರ ರಾತ್ರಿ ಮಗಳು ಅಳಿಯ ಬರುತ್ತಾರೆ, ಅಜ್ಜಿಯ ಹುಟ್ಟುಹಬ್ಬ ಇದೆ, ಮಾಡಿ ಕಳಿಸಿ ಎನ್ನುತ್ತಾರೆ. ಮಾಂಸದ ಊಟವಾದರೆ ಆ ಪಟ್ಟಿಯಲ್ಲಿ ಖೀಮಾ ಬಂದೇ ಬರುತ್ತದೆ. ಎಲುಬಿಲ್ಲದ ಕಾರಣ ಮಕ್ಕಳು ತಿನ್ನುತ್ತಾರೆ, ಹಲ್ಲಿಲ್ಲದ ಹಿರಿಯರೂ ತಿನ್ನುತ್ತಾರೆ. ಒಂದು ಕಿಲೋ ಖೀಮಾಕ್ಕೆ ಅರ್ಧ ಕಿಲೋ ಬಟಾಟೆ, ಒಂದು ಹಿಡಿ ಬಟಾಣಿ ಸೇರಿಸಿದರೆ ಎಂಟು ಜನರಿಗೆ ಸಾಕಾಗುತ್ತದೆ.

ಈ ಖೀಮಾದ ಬಗ್ಗೆ ನಮ್ಮವರು ಸಭೆಯಲ್ಲಿ ಮಾತಾಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು, ಕುಂದಾಪುರ ಕಡೆಯಿಂದ ಬಂದು ಇಡ್ಲಿ ದೋಸೆಯಿಂದ ಮೇಲೆ ಬಂದವರು. ಆದರೆ ಇಂದು ನಮ್ಮ ಸದಸ್ಯರಲ್ಲಿ ಅನೇಕರ ಅಡುಗೆಮನೆಯಲ್ಲಿ ಮಾಂಸದ ಒಲೆಯೂ ಉರಿಯುತ್ತಿದೆ. ಆದ್ದರಿಂದ ಈ ಮಾತು ಆಡಲೇಬೇಕು. ಶುದ್ಧ ಶಾಕಾಹಾರಿ ಹೋಟೆಲಿನವರೂ ದಯವಿಟ್ಟು ಓದಿ. ಒಬ್ಬ ಕೇಟರರ್ ಮೇಲೆ ಜನರ ನಂಬಿಕೆ ಹೋದರೆ ಬಿಸಿ ನಮಗೆಲ್ಲ ತಟ್ಟುತ್ತದೆ.

ಪುಣೆಯ ಕ್ಯಾಂಪ್, ಖಡಕಿ, ಕೊಂಢ್ವಾ ಕಡೆ ಖೀಮಾಕ್ಕೆ ಹಳೆಯ ಇತಿಹಾಸ ಇದೆ. ಇರಾನಿ ಹೋಟೆಲಿನ ಖೀಮಾ ಪಾವ್ ಎಲ್ಲರಿಗೂ ಗೊತ್ತು. ಪಾರ್ಸಿಗಳು ಖೀಮಾದ ಮೇಲೆ ಮೊಟ್ಟೆ ಒಡೆದು ಮುಚ್ಚಿ ಬೇಯಿಸುತ್ತಾರೆ. ಮುಸ್ಲಿಮರ ಮನೆಯಲ್ಲಿ ಖೀಮಾ ಮಟರ್. ಗೋವಾ ಮತ್ತು ನಮ್ಮ ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಬಟಾಟೆಯೊಳಗೆ ಖೀಮಾ ತುಂಬಿದ ಪೊಟೇಟೊ ಚಾಪ್. ಆಂಗ್ಲೋ ಇಂಡಿಯನ್ನರಲ್ಲಿ ಹಳದಿ ಅನ್ನದ ಜತೆ ಬಾಲ್ ಕರಿ, ಅಂದರೆ ಖೀಮಾ ಉಂಡೆಯ ಸಾರು. ಈ ಕೊನೆಯ ಎರಡು ಅಡುಗೆಗೆ ಹಿಂದೆ ದನದ ಮಾಂಸವೇ ವಾಡಿಕೆ. ಇಂದು ಆ ಜಾಗದಲ್ಲಿ ಎಮ್ಮೆ, ಕೋಣದ ಮಾಂಸ ಬಂದಿದೆ. ಬಜಾರಿನಲ್ಲಿ ಅದಕ್ಕೆ 'ಬಡೇ ಕಾ' ಎನ್ನುತ್ತಾರೆ. ಮಟನ್ ಅಂದರೆ ಇಲ್ಲಿ ಹೆಚ್ಚಾಗಿ ಆಡಿನದ್ದು. ಬಡೇ ಕಾ ಅದಕ್ಕಿಂತ ಬಹಳ ಅಗ್ಗ. ಆದ್ದರಿಂದ ದೊಡ್ಡ ಸಂಸಾರದವರಿಗೆ ವಾರಕ್ಕೊಮ್ಮೆ ಮಾಂಸದ ಊಟ ಸಾಧ್ಯವಾಗುವುದು ಅದರಿಂದಲೇ.

ಕಾನೂನು ಏನು ಹೇಳುತ್ತದೆ ಎಂದು ಸದಸ್ಯರಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಮಹಾರಾಷ್ಟ್ರದಲ್ಲಿ 1976ರ ಕಾಯಿದೆ ಆಕಳನ್ನು ಕಡಿಯುವುದನ್ನು ನಿಷೇಧಿಸಿತ್ತು. 1995ರಲ್ಲಿ ವಿಧಾನಮಂಡಲ ಪಾಸು ಮಾಡಿದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2015ರ ಫೆಬ್ರವರಿಯಲ್ಲಿ. ಆ ವರ್ಷದ ಮಾರ್ಚ್‌ನಿಂದ ಎತ್ತು, ಹೋರಿಗಳನ್ನು ಕಡಿಯುವುದೂ ಅಪರಾಧವಾಯಿತು. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿಯವರೆಗೆ ದಂಡ. 2016ರ ಮೇ 6ರಂದು ಮುಂಬಯಿ ಹೈಕೋರ್ಟು ಈ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಹೊರರಾಜ್ಯದಿಂದ ತಂದ ಮಾಂಸವನ್ನು ಇಟ್ಟುಕೊಳ್ಳುವುದೇ ತಪ್ಪು ಎನ್ನುವ ಕಲಮನ್ನು ರದ್ದು ಮಾಡಿತು. ಎಮ್ಮೆ, ಕೋಣ ಈ ಪೂರ್ತಿ ನಿಷೇಧದಲ್ಲಿ ಇಲ್ಲ. ನಿಯಮದಂತೆ ಕಡಿದ ಬಡೇ ಕಾ ಮಾರುವುದು, ಬೇಯಿಸುವುದು, ತಿನ್ನುವುದು ಯಾವುದೂ ತಪ್ಪಲ್ಲ. ಬೆಳಗಾವಿ ಕಡೆಯೂ ಕೆಲಸ ಇರುವ ಸದಸ್ಯರು ಇನ್ನೊಂದು ಗಮನಿಸಬೇಕು. ಕರ್ನಾಟಕದ 2020ರ ಕಾಯಿದೆ 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ನಿಷೇಧಕ್ಕೆ ಸೇರಿಸಿತು. ಎರಡು ರಾಜ್ಯದ ನಿಯಮ ಒಂದೇ ಎಂದು ತಿಳಿಯಬೇಡಿ.

ಹಾಗಾದರೆ ತೊಂದರೆ ಎಲ್ಲಿದೆ? ಹೆಸರು ಹೇಳುವುದರಲ್ಲಿ ಇದೆ. ಕೆಲವರು ಕಾರ್ಡಿನಲ್ಲಿ ಬರೀ 'ಖೀಮಾ' ಎಂದು ಬರೆದು ಸುಮ್ಮನಾಗುತ್ತಾರೆ. ಗಿರಾಕಿ ಕೇಳಿದರೆ ಕ್ಯಾಪ್ಟನ್ 'ಮಟನ್ ಸಾಬ್' ಎನ್ನುತ್ತಾನೆ. ಇನ್ನು ಕೆಲವು ಕಡೆ ಆಡಿನ ಖೀಮಾಕ್ಕೆ ಬಡೇ ಕಾ ಬೆರೆಸಿ ಕಿಲೋಗೆ ನಾಲ್ಕು ಕಾಸು ಉಳಿಸುತ್ತಾರೆ. ತುಂಡು ಮಾಂಸವಾದರೆ ಅನುಭವಸ್ಥರು ಎಲುಬು, ಎಳೆ ನೋಡಿ ಹೇಳಬಹುದು. ಅರೆದ ಮೇಲೆ, ಮಸಾಲೆ ಬಿದ್ದ ಮೇಲೆ ಯಾವ ಭಟ್ಟನಿಗೂ ಹೇಳಲಾಗದು. ಪತ್ತೆಗೆ ಲ್ಯಾಬಿಗೇ ಹೋಗಬೇಕು. ಹೈದರಾಬಾದಿನಲ್ಲಿ ಕೇಂದ್ರ ಸರಕಾರದ ಮಾಂಸ ಸಂಶೋಧನಾ ಸಂಸ್ಥೆ ಡಿ.ಎನ್.ಎ. ನೋಡಿ ಯಾವ ಪ್ರಾಣಿಯದ್ದು ಎಂದು ಹೇಳುತ್ತದೆ. ಯುರೋಪಿನಲ್ಲೂ 2013ರಲ್ಲಿ ಹೀಗೇ ಆಯಿತು. ದನದ ಮಾಂಸ ಎಂದು ಮಾರಿದ ಬರ್ಗರಿನಲ್ಲಿ ಕುದುರೆಯ ಅಂಶ ಇರುವುದನ್ನು ಐರ್ಲೆಂಡಿನ ಆಹಾರ ಇಲಾಖೆ ಪತ್ತೆಮಾಡಿತು. ದೊಡ್ಡ ದೊಡ್ಡ ಅಂಗಡಿಗಳು ಮಾಲನ್ನು ವಾಪಸು ತೆಗೆದುಕೊಳ್ಳಬೇಕಾಯಿತು.

ನಮ್ಮ ದೇಶದಲ್ಲಿ ಈ ಸುಳ್ಳು ಬರೀ ದುಡ್ಡಿನ ಸುಳ್ಳಲ್ಲ. ಒಬ್ಬರಿಗೆ ವ್ರತ, ಒಬ್ಬರಿಗೆ ದೇವರು, ಒಬ್ಬರಿಗೆ ಹಲಾಲ್, ಇನ್ನೊಬ್ಬರಿಗೆ ವೈದ್ಯರ ಪಥ್ಯ. ನಾವು ಸ್ವತಃ ಬಡೇ ಕಾ ತಿನ್ನುವವರಲ್ಲ. ನಮಗೆ ಯಾರಾದರೂ ಹೇಳದೆ ಬಡಿಸಿದರೆ ಹೇಗಾಗುತ್ತದೆ ಎಂದು ಯೋಚಿಸಿಯೇ ಈ ಮಾತು ಹೇಳುತ್ತಿದ್ದೇವೆ. ಅದೇ ರೀತಿ, ತಿನ್ನುವವರನ್ನು ಕೀಳಾಗಿ ನೋಡುವ ಹಕ್ಕೂ ನಮಗಿಲ್ಲ. ಅವರು ದುಡ್ಡು ಕೊಟ್ಟು ಆರ್ಡರ್ ಕೊಡುವ ಗಿರಾಕಿಗಳು, ಅವರದ್ದೂ ಸಂಸಾರದ ಊಟವೇ. ನಮ್ಮಲ್ಲಿ ಇಂಥ ಆರ್ಡರ್ ಬಂದರೆ ಬೇರೆ ಪಾತ್ರೆ, ಬೇರೆ ಕತ್ತಿ, ಬೇರೆ ಖೀಮಾ ಮಶಿನ್ ಇಟ್ಟು ಮಾಡಿಕೊಡುತ್ತೇವೆ. ಉಪ್ಪು ಖಾರ ನೋಡುವುದು ತಿನ್ನುವ ಕೆಲಸಗಾರನೇ. ತಿನ್ನದವನಿಗೆ ಒತ್ತಾಯ ಇಲ್ಲ.

ಎರಡನೆಯ ವಿಷಯ ಆರೋಗ್ಯದ್ದು. ತುಂಡು ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಮೇಲ್ಭಾಗದಲ್ಲಿ ಇರುತ್ತದೆ, ಬಿಸಿ ತಾಗಿದರೆ ಸಾಯುತ್ತದೆ. ಅರೆದಾಗ ಮೇಲಿನದ್ದು ಒಳಗೆಲ್ಲ ಬೆರೆಯುತ್ತದೆ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಖೀಮಾದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಹೋದವು. ಅಲ್ಲಿ ಈಗ ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎನ್ನುತ್ತಾರೆ. ನಮ್ಮ ಪದ್ಧತಿಯ ಖೀಮಾ ನೀರು ಇಂಗಿ ಎಣ್ಣೆ ಬಿಡುವವರೆಗೆ ಬೇಯುತ್ತದೆ, ಅದು ಒಳ್ಳೆಯದು. ಎಚ್ಚರ ಬೇಕಾದದ್ದು ಕೋಫ್ತಾ, ಚಾಪ್, ಕಬಾಬಿಗೆ. ಹೊರಗೆ ಕೆಂಪಾದರೂ ಒಳಗೆ ಹಸಿ ಉಳಿಯುತ್ತದೆ, ಒಂದನ್ನು ಮುರಿದು ನೋಡಿ. ಬಡೇ ಕಾ ಖೀಮಾದಲ್ಲಿ ಕೊಬ್ಬು ಕಡಿಮೆ, ಬೇಗ ಗಟ್ಟಿಯಾಗುತ್ತದೆ. ನೀರುಳ್ಳಿ ಧಾರಾಳ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿದರೆ ಮೆತ್ತಗಾಗುತ್ತದೆ. ಅರೆದ ದಿನವೇ ಮಾಡಿ. ಹಸಿ ಮಾಲು ಫ್ರಿಜ್ಜಿನಲ್ಲಿ 5 ಡಿಗ್ರಿಯೊಳಗೆ, ಬೆಂದದ್ದು ಗಿರಾಕಿಯ ಮನೆ ಮುಟ್ಟುವವರೆಗೆ 60 ಡಿಗ್ರಿಯ ಮೇಲೆ ಇರಲಿ.

'ಬಡೇ ಕಾ ಎಂದು ಬರೆದರೆ ಗಿರಾಕಿ ಓಡುತ್ತಾನೆ, ಗಲಾಟೆಯವರು ಬರುತ್ತಾರೆ' ಎಂದು ಕೆಲವು ಮಿತ್ರರು ಹೇಳುತ್ತಾರೆ. ಭಯ ಸುಳ್ಳಲ್ಲ. ಆದರೆ ಗಲಾಟೆ ಬಂದಾಗ ನಮ್ಮನ್ನು ಕಾಯುವುದು ಕಾಗದ ಮಾತ್ರ. ಪರವಾನಗಿ ಇರುವ ಅಂಗಡಿಯ ಬಿಲ್ಲು, ಅದರಲ್ಲಿ ಪ್ರಾಣಿಯ ಹೆಸರು, ತಾರೀಕು, ತೂಕ ಇದ್ದರೆ ಪೊಲೀಸರ ಎದುರು ಧೈರ್ಯವಾಗಿ ನಿಲ್ಲಬಹುದು. ಬಿಲ್ಲು ಇಲ್ಲದೆ, ಕಾರ್ಡಿನಲ್ಲಿ ಒಂದು, ಪಾತ್ರೆಯಲ್ಲಿ ಒಂದು ಇದ್ದರೆ ಯಾವ ವಕೀಲನೂ ಸುಲಭದಲ್ಲಿ ಬಿಡಿಸಲಾರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದಾರೆ. ಬಡೇ ಕಾ ಮಾಡುವುದೇ ಬೇಡ ಎನ್ನುವವರು ಫೋನಿನಲ್ಲೇ 'ನಮ್ಮಲ್ಲಿ ಮಾಡುವುದಿಲ್ಲ' ಎಂದು ಹೇಳಿಬಿಡಿ, ಅದೂ ಮರ್ಯಾದೆಯೇ.

ನಮ್ಮ ಸಲಹೆ ಇಷ್ಟು. ಮೆನು ಕಾರ್ಡ್ ಮತ್ತು ಕೊಟೇಶನ್ನಿನಲ್ಲಿ ಕೋಳಿ ಖೀಮಾ, ಆಡಿನ ಖೀಮಾ, ಎಮ್ಮೆ ಖೀಮಾ ಎಂದು ಕನ್ನಡ, ಮರಾಠಿ, ಇಂಗ್ಲಿಷಿನಲ್ಲಿ ಹೆಸರು ಹಿಡಿದು ಬರೆಯೋಣ. ಅರೆದು ತಂದ ಮಾಲು ಕೊಳ್ಳದೆ ತುಂಡು ತಂದು ನಮ್ಮಲ್ಲೇ ಅರೆಯೋಣ. ಖರೀದಿಯ ಬಿಲ್ಲುಗಳನ್ನು ದಿನಾಂಕವಾರು ಫೈಲಿನಲ್ಲಿ ಇಡೋಣ. ಸಂಘದವರು ಈ ಮೂರು ನಿಯಮಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲ ಸದಸ್ಯರ ಅಡುಗೆಮನೆಗೆ ಕಳಿಸಬೇಕು, ಮತ್ತು ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕು ಎಂದು ವಿನಂತಿಸುತ್ತೇವೆ.