ಐದು ದೇಶಕ್ಕೆ ಒಂದು ವೀಸಾ, ಐದು ರಾಜ್ಯಕ್ಕೆ ಎಷ್ಟು ರಸೀದಿ?

ಶ್ರೀನಗರ, ಹನುಮಂತನಗರ, ಗಿರಿನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಹಿಂದೆ ಬೇಸಿಗೆ ಬಂತೆಂದರೆ ಧರ್ಮಸ್ಥಳ, ಶೃಂಗೇರಿ, ಹೆಚ್ಚೆಂದರೆ ಕಾಶಿಯ ಮಾತು. ಈಗ ಮಗಳು ಮ್ಯೂನಿಕ್‌ನಲ್ಲಿದ್ದಾಳೆ, ಅಳಿಯ ಅಲ್ಲಿಯೇ ಎಂಜಿನಿಯರು. ‘ಈ ಸಲ ಕಾರು ಬಾಡಿಗೆಗೆ ಹಿಡಿದು ಐದು ದೇಶ ಸುತ್ತೋಣ, ನೀವಿಬ್ಬರೂ ಬಂದುಬಿಡಿ’ ಎಂಬ ಕರೆ ಬರುತ್ತದೆ. ನಿವೃತ್ತ ತಂದೆ ಭೂಪಟ ಹರಡಿಕೊಂಡು ಕೂರುತ್ತಾರೆ. ನಾಲ್ಕು ದಶಕ ಸರ್ಕಾರಿ ಕಡತಗಳ ನಡುವೆ ಬದುಕಿದ ನನ್ನಂಥವರಿಗೆ ಅಂಥ ಪ್ರವಾಸದ ಪ್ರೇಕ್ಷಣೀಯ ಸ್ಥಳಗಳಿಗಿಂತ ಅದರ ಕಾಗದಪತ್ರಗಳಲ್ಲೇ ಆಸಕ್ತಿ ಹೆಚ್ಚು. ಅದು ಕಸುಬಿನ ದೋಷವೆಂದು ಓದುಗರು ಕ್ಷಮಿಸಬೇಕು.

ಮ್ಯೂನಿಕ್‌ನಿಂದ ಹೊರಟು ಇನ್ಸ್‌ಬ್ರೂಕ್, ವೆರೋನಾ, ಮಿಲಾನ್, ಜ್ಯೂರಿಕ್, ವಾಡೂಜ್ ಮಾರ್ಗವಾಗಿ ಮತ್ತೆ ಮ್ಯೂನಿಕ್ ಸೇರುವ ಒಂದು ಸುತ್ತನ್ನು ತೆಗೆದುಕೊಳ್ಳೋಣ. ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ಹೀಗೆ ಐದು ದೇಶಗಳು. ದಾರಿ ಸುಮಾರು 1,200 ಕಿಲೋಮೀಟರ್. ನಮ್ಮ ಪ್ರಯಾಸವೆಲ್ಲ ಹೊರಡುವ ಮುನ್ನವೇ. ಎಲ್ಲಿ ಹೆಚ್ಚು ದಿನ ಉಳಿಯುತ್ತೇವೆಯೋ ಆ ದೇಶಕ್ಕೆ ವೀಸಾ ಅರ್ಜಿ. ದಿನಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ, ಬ್ಯಾಂಕ್ ಲೆಕ್ಕಪತ್ರ, ಪಿಂಚಣಿ ಆದೇಶದ ಪ್ರತಿ, ಬೆರಳಚ್ಚು. ತಲೆಗೆ 90 ಯೂರೋ ಶುಲ್ಕ. ಅರ್ಜಿ ತಿರಸ್ಕೃತವಾದರೂ ಹಣ ಹಿಂದಿರುಗದು. ಚಾಲನೆ ಮಾಡುವ ಇರಾದೆಯಿದ್ದರೆ ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು. (ಎಡಬದಿಯಲ್ಲಿ ನಲವತ್ತು ವರ್ಷ ಕಾರು ಓಡಿಸಿದವರು ಅರವತ್ತೈದರಲ್ಲಿ ಬಲಬದಿಗೆ ಬದಲಾಗುವ ಸಾಹಸವನ್ನು ಅಳಿಯನಿಗೇ ಬಿಡುವುದು ಲೇಸು.)

ಇಷ್ಟಾದ ಮೇಲೆ ಒಳಗಿನ ದಾರಿ ಸುಗಮ. ಲಕ್ಸೆಂಬರ್ಗ್‌ನ ಶೆಂಗೆನ್ ಎಂಬ ಪುಟ್ಟ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನ ಮೇಲೆ, 1985ರ ಜೂನ್ 14ರಂದು ಐದು ದೇಶಗಳು ಸಹಿ ಹಾಕಿದ ಒಪ್ಪಂದ ಇಂದು 29 ದೇಶಗಳಿಗೆ ವಿಸ್ತರಿಸಿದೆ. ಹೊರಗಿನ ಬಾಗಿಲಲ್ಲಿ ಒಮ್ಮೆ ಗಟ್ಟಿಯಾಗಿ ತಪಾಸಣೆ ಮಾಡು, ಒಳಕೋಣೆಗಳಲ್ಲಿ ಪರಸ್ಪರ ನಂಬು ಎಂಬುದೇ ಅದರ ಸೂತ್ರ. ಆ ನಂಬಿಕೆ ಈಗೀಗ ಸಡಿಲವಾಗಿರುವುದೂ ನಿಜ. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಿಗೂ ತಪಾಸಣೆಯನ್ನು ವಿಸ್ತರಿಸಿತು. ಆದರೂ ಅಲ್ಲಿ ತಡೆದು ಕೇಳುವುದು ‘ನೀನು ಯಾರು’ ಎಂದೇ ಹೊರತು ‘ನಿನ್ನ ಕಾರಿನ ತೆರಿಗೆ ಎಲ್ಲಿ ಕಟ್ಟಿದ್ದೀಯೆ’ ಎಂದಲ್ಲ.

ಹಾಗೆಂದು ಯೂರೋಪಿನ ರಸ್ತೆಗಳು ಪುಕ್ಕಟೆಯಲ್ಲ. ಸ್ವಿಟ್ಜರ್ಲೆಂಡಿನ ಹೆದ್ದಾರಿ ಚೀಟಿಗೆ ವರ್ಷಕ್ಕೆ 40 ಫ್ರಾಂಕ್. ಒಂದೇ ದಿನ ಹಾದುಹೋಗುವವರೂ ಅಷ್ಟನ್ನೇ ತೆರಬೇಕು. ಅದನ್ನು 100 ಫ್ರಾಂಕಿಗೆ ಏರಿಸುವ ಪ್ರಸ್ತಾವವನ್ನು ಅಲ್ಲಿನ ಮತದಾರರು 2013ರಲ್ಲಿ ತಿರಸ್ಕರಿಸಿದರು. ಆಸ್ಟ್ರಿಯಾದಲ್ಲಿ ಕೆಲವೇ ದಿನಗಳ ಚೀಟಿಯೂ ಸಿಗುತ್ತದೆ. ಆದರೆ ಬ್ರೆನ್ನರ್ ಕಣಿವೆಯ ಹೆದ್ದಾರಿಗೆ ಬೇರೆ ಸುಂಕ. ಇಟಲಿಯಲ್ಲಿ ಓಡಿದಷ್ಟು ದೂರಕ್ಕೆ ಹಣ; ಹಳೆಯ ಪೇಟೆಗಳ ನಿರ್ಬಂಧಿತ ವಲಯಕ್ಕೆ ತಿಳಿಯದೆ ನುಗ್ಗಿದರೆ ದಂಡದ ನೋಟಿಸು ತಿಂಗಳುಗಳ ನಂತರ ಬೆನ್ನಟ್ಟಿ ಬರುತ್ತದೆ. ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಸುಂಕವಿಲ್ಲ.

ಆ ‘ಇಲ್ಲ’ದ ಹಿಂದಿನ ಕಥೆ ನಮಗೆ ಮುಖ್ಯವಾದದ್ದು. ಹೊರಗಿನ ಕಾರುಗಳು ತನ್ನ ಹೆದ್ದಾರಿಗಳನ್ನು ಬಿಟ್ಟಿಯಾಗಿ ಬಳಸುತ್ತಿವೆ ಎಂಬ ಅಸಮಾಧಾನದಿಂದ ಜರ್ಮನಿ ಸುಂಕದ ಕಾನೂನು ಮಾಡಿತು. ಸುಂಕ ಎಲ್ಲರಿಗೂ ಇತ್ತು. ಆದರೆ ಜರ್ಮನ್ ಕಾರು ಮಾಲೀಕರಿಗೆ ವಾಹನ ತೆರಿಗೆಯಲ್ಲಿ ಅಷ್ಟೇ ಮೊತ್ತದ ವಿನಾಯಿತಿ. ಆಸ್ಟ್ರಿಯಾ ನ್ಯಾಯಾಲಯದ ಮೆಟ್ಟಿಲೇರಿತು. 2019ರ ಜೂನ್ 18ರಂದು ಯೂರೋಪಿಯನ್ ನ್ಯಾಯಾಲಯ ಇದು ರಾಷ್ಟ್ರೀಯತೆಯ ಆಧಾರದ ತಾರತಮ್ಯವೆಂದು ತೀರ್ಪು ನೀಡಿತು. ಸುಂಕ ವಸೂಲಿಗೆಂದು ಆಗಲೇ ಗುತ್ತಿಗೆ ಪಡೆದಿದ್ದ ಕಂಪನಿಗಳಿಗೆ ಜರ್ಮನ್ ಸರ್ಕಾರ 24.3 ಕೋಟಿ ಯೂರೋ ಪರಿಹಾರ ತೆರಬೇಕಾಯಿತು.

ಈಗ ನಮ್ಮ ಕಡೆಗೆ ಬರೋಣ. ಯೂರೋಪು 1985ರಲ್ಲಿ ಆರಂಭಿಸಿದ್ದನ್ನು ನಮ್ಮ ಸಂವಿಧಾನ 1950ರಲ್ಲೇ ಬರೆದಿಟ್ಟಿದೆ. ದೇಶದೊಳಗೆ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರ ಮುಕ್ತವಾಗಿರತಕ್ಕದ್ದು ಎಂಬುದು 301ನೇ ವಿಧಿಯ ಆಶಯ. ನಮ್ಮ ಚಾಲನಾ ಪರವಾನಗಿಯೂ ವಾಹನ ವಿಮೆಯೂ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸಲ್ಲುತ್ತವೆ. ಆದರೆ ವಾಹನ ತೆರಿಗೆ ರಾಜ್ಯಪಟ್ಟಿಯ 57ನೇ ಬಾಬಿನಲ್ಲಿದೆ. 2017ರಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಮುಚ್ಚಿದವು. ವಾಹನ ತೆರಿಗೆ ಜಿಎಸ್‌ಟಿಯ ಹೊರಗೇ ಉಳಿಯಿತು.

ಇದರ ಫಲವನ್ನು ಶ್ರೀನಗರದಿಂದ ಟ್ಯಾಕ್ಸಿ ಮಾಡಿಕೊಂಡು ತಿರುಪತಿಗೋ ಮಧುರೈಗೋ ಹೋದವರೆಲ್ಲ ಬಲ್ಲರು. ಬಾಡಿಗೆ ಇಷ್ಟು, ಚಾಲಕನ ಬಾಟಾ ಇಷ್ಟು, ‘ಪರ್ಮಿಟ್ ಹಣ ನಿಮ್ಮದೇ ಸಾರ್’. ಇಡೀ ದೇಶಕ್ಕೆ ಒಂದೇ ಪ್ರವಾಸಿ ಪರ್ಮಿಟ್ ನೀಡುವ ನಿಯಮಗಳನ್ನು ಕೇಂದ್ರ 2021ರಲ್ಲೂ ಮತ್ತೆ 2023ರಲ್ಲೂ ತಂದಿತು. ಪರ್ಮಿಟ್ ಶುಲ್ಕ ಬೇರೆ, ತೆರಿಗೆ ಬೇರೆ ಎಂದು ದಕ್ಷಿಣದ ರಾಜ್ಯಗಳು ತಕರಾರು ತೆಗೆದವು. ಕಾನೂನಿನ ದೃಷ್ಟಿಯಲ್ಲಿ ಅವುಗಳ ವಾದ ತೀರಾ ಪೊಳ್ಳಲ್ಲ. ತೊಂದರೆ ಅನುಭವಿಸುವವನು ಮಾತ್ರ ಚಾಲಕ.

ಇನ್ನೂ ಕಷ್ಟ, ವರ್ಗಾವಣೆಯಾಗಿ ಬರುವ ಸಂಬಳದಾರನದು. ಪುಣೆಯಲ್ಲಿ ಕಾರು ಕೊಂಡು ಅಲ್ಲಿನ ಪೂರ್ತಿ ತೆರಿಗೆ ಕಟ್ಟಿದ ಬ್ಯಾಂಕ್ ಅಧಿಕಾರಿ ಬೆಂಗಳೂರಿಗೆ ಬರುತ್ತಾನೆ. 12 ತಿಂಗಳು ಮೀರಿ ಇಲ್ಲಿಯೇ ಇದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಪುಣೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಆಜೀವ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಕಟ್ಟಬೇಕು, ಆಮೇಲೆ ಮಹಾರಾಷ್ಟ್ರದಿಂದ ಮರುಪಾವತಿ ಕೇಳಬೇಕು. ಹೊಸ ಪೆಟ್ರೋಲ್ ಕಾರುಗಳಿಗೆ ನಮ್ಮ ದರ ಶೇ 13ರಿಂದ 18ರವರೆಗೆ ಇದ್ದು, ಮೇಲೆ ಉಪಕರವೂ ಉಂಟು. ಮೊದಲು ಕಟ್ಟು, ಆಮೇಲೆ ಬೇಡು ಎಂಬ ಈ ಕ್ರಮದಲ್ಲಿ ಪ್ರಜೆ ಎರಡು ಸರ್ಕಾರಗಳಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ.

ಸರ್ಕಾರದ ವಾದವನ್ನೂ ಕೇಳಬೇಕು. ಪುದುಚೇರಿಯಲ್ಲಿ ನೋಂದಾಯಿಸಿ ಬೆಂಗಳೂರಿನಲ್ಲಿ ಮೆರೆಯುವ ಕೋಟಿ ಬೆಲೆಯ ಕಾರುಗಳು ಖಜಾನೆಗೆ ಮಾಡುವುದು ವಂಚನೆಯೇ. ಅವನ್ನು ಹಿಡಿಯುವ ಅಧಿಕಾರಿಗಳನ್ನು ದೂಷಿಸಲಾಗದು. 2016ರ ನವೆಂಬರಿನಲ್ಲಿ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ತಾರತಮ್ಯದ ತೆರಿಗೆ ಮಾತ್ರ ಮುಕ್ತ ವ್ಯಾಪಾರಕ್ಕೆ ಧಕ್ಕೆ ಎಂದು ಬಹುಮತದಿಂದ ಹೇಳಿತು. ಕರ್ನಾಟಕ ಎಲ್ಲರಿಗೂ ಒಂದೇ ದರ ವಿಧಿಸುತ್ತದೆಯಾದ್ದರಿಂದ ಅದು ತಾರತಮ್ಯವಲ್ಲ ಎನ್ನಬಹುದು. ಆದರೆ ಅರ್ಥಶಾಸ್ತ್ರ ಓದಿದವನಿಗೆ ಇದು ಸಮಾಧಾನ ತರದು. ಎರಡು ರಾಜ್ಯಗಳು ತಂತಮ್ಮ ಮಟ್ಟಿಗೆ ನ್ಯಾಯವಾದ ತೆರಿಗೆ ಹಾಕಿದಾಗಲೂ ಗಡಿ ದಾಟಿದವನ ತಲೆಯ ಮೇಲೆ ಮಾತ್ರ ಎರಡೂ ಕೂಡಿ ಬಿದ್ದರೆ, ಹೊರೆ ಬೀಳುತ್ತಿರುವುದು ಗಡಿ ದಾಟಿದ ಕಾರಣಕ್ಕೇ.

ಗಡಿಯೆಂಬುದು ಎಷ್ಟು ಬೇಗ ಗೋಡೆಯಾಗಬಲ್ಲದು ಎಂಬುದನ್ನು 2020ರ ಮಾರ್ಚ್ ತೋರಿಸಿಕೊಟ್ಟಿತು. ಜರ್ಮನಿಯ ಕಾನ್‌ಸ್ಟನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕ್ರೊಯಿಟ್ಸ್‌ಲಿಂಗನ್ ಒಂದಕ್ಕೊಂದು ಅಂಟಿಕೊಂಡ ಊರುಗಳು. ಅವುಗಳ ನಡುವೆ ರಾತ್ರೋರಾತ್ರಿ ಬೇಲಿ ಎದ್ದಿತು. ಜೋಡಿಗಳು ಬೇಲಿಯ ಎರಡು ಬದಿ ನಿಂತು ಮಾತಾಡಿದರು. ಅದೇ ದಿನಗಳಲ್ಲಿ ನಮ್ಮ ತಲಪಾಡಿಯಲ್ಲಿ ತಡೆ ಬಿತ್ತು. ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಜೇಶ್ವರದ ಕನ್ನಡಿಗನಿಗೆ, ತುಳುವನಿಗೆ ಆಸ್ಪತ್ರೆಯೆಂದರೆ ಮಂಗಳೂರು. ಗಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ಸುಪ್ರೀಂ ಕೋರ್ಟಿನ ಮುಂದೆ ವಿಷಯ ಹೋಗಿ, ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಯಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ. ಆದರೆ ಯಾವ ರೋಗಿಯನ್ನು ಯಾವ ಪತ್ರದ ಮೇಲೆ ಬಿಡಬೇಕೆಂಬ ಎರಡು ರಾಜ್ಯಗಳ ಪೂರ್ವಸಿದ್ಧ ಒಡಂಬಡಿಕೆಯೊಂದು ಅಲ್ಲಿನ ಅಧಿಕಾರಿಯ ಮೇಜಿನ ಮೇಲೆ ಇರಲಿಲ್ಲ.

ಪರಿಹಾರದ ಬೀಜ ನಮ್ಮಲ್ಲಿಯೇ ಇದೆ. 2021ರಲ್ಲಿ ಬಂದ ಬಿಎಚ್ ಸರಣಿಯ ನೋಂದಣಿಯಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು. ಆದರೆ ಅದು ಸರ್ಕಾರಿ ನೌಕರರಿಗೆ, ನಾಲ್ಕಕ್ಕಿಂತ ಹೆಚ್ಚಾಗಿಯೋ ಅಷ್ಟೋ ರಾಜ್ಯಗಳಲ್ಲಿ ಕಚೇರಿಯುಳ್ಳ ಕಂಪನಿಗಳ ಸಿಬ್ಬಂದಿಗೆ ಮಾತ್ರ. ಸಣ್ಣ ಕಾರ್ಖಾನೆಯ ಗುಮಾಸ್ತನಿಗೆ ಇಲ್ಲದ ಈ ಸೌಲಭ್ಯ ನನ್ನಂಥ ಹುದ್ದೆಯಲ್ಲಿದ್ದವರಿಗೇಕೆ? ಆಜೀವ ತೆರಿಗೆ ಕಟ್ಟಿದ ಕಾರು ಸ್ಥಳಾಂತರವಾದಾಗ ಉಳಿದ ವರ್ಷಗಳ ಪಾಲನ್ನು ಒಂದು ಖಜಾನೆ ಇನ್ನೊಂದಕ್ಕೆ ನೇರವಾಗಿ ವರ್ಗಾಯಿಸಲಿ. ಅಂತರರಾಜ್ಯ ಜಿಎಸ್‌ಟಿಯಲ್ಲಿ ಇಂಥ ಹೊಂದಾಣಿಕೆ ನಡೆಯುತ್ತಲೇ ಇದೆ. ದರ ನಿಗದಿಪಡಿಸುವ ಹಕ್ಕು ರಾಜ್ಯದ ಬಳಿಯೇ ಇರಲಿ, ಅದನ್ನು ದೆಹಲಿಗೆ ಒಪ್ಪಿಸಬೇಕೆಂದು ನಾನು ಹೇಳುತ್ತಿಲ್ಲ.

ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಅಡಿಯಲ್ಲಿ ರಚನೆಯಾದ ದಕ್ಷಿಣ ವಲಯ ಮಂಡಳಿಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣಗಳ ಜೊತೆಗೆ ಪುದುಚೇರಿಯೂ ಸದಸ್ಯ. ವಾಹನ ತೆರಿಗೆಯ ಹೊಂದಾಣಿಕೆ ಮತ್ತು ಗಡಿ ಜಿಲ್ಲೆಗಳ ರೋಗಿಗಳ ಸಂಚಾರ, ಈ ಎರಡು ವಿಷಯಗಳನ್ನು ಅದರ ಕಾರ್ಯಸೂಚಿಗೆ ಸೇರಿಸುವಂತೆ ನಮ್ಮ ಮುಖ್ಯ ಕಾರ್ಯದರ್ಶಿಯವರು ಒಂದು ಪತ್ರ ಬರೆದರೆ ಸಾಕು. ಟಿಪ್ಪಣಿ ಸಿದ್ಧಪಡಿಸಲು ಸಾರಿಗೆ ಇಲಾಖೆಯಿಂದ ಒಬ್ಬರು, ಹಣಕಾಸು ಇಲಾಖೆಯಿಂದ ಒಬ್ಬರು, ಆರೋಗ್ಯ ಇಲಾಖೆಯಿಂದ ಒಬ್ಬರು. ಕಾಲಾವಕಾಶ ಮೂರು ತಿಂಗಳು.